ಎನ್‌ಕ್ವೈರಿ ಅತ್ತೆ

ಸೊಸೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು "ಅತ್ತೆ, ಒಂದು ಪ್ರಶ್ನೆ" ಎಂದರೆ, ಬಟಾಣಿ ಸುಲಿಯುತ್ತಿರುವ ಅತ್ತೆಯ ಕೈ ನಿಲ್ಲುವುದಿಲ್ಲ, ಆದರೆ ಬೆನ್ನು ನೆಟ್ಟಗಾಗುತ್ತದೆ, ತಲೆ ತುಸು ಎಡಕ್ಕೆ ವಾಲುತ್ತದೆ, ಮತ್ತು ಅಷ್ಟು ಹೊತ್ತು "ಬಟ್ಟೆ ಒಳಗೆ ತಂದೆಯೇನೇ, ಕಿಟಕಿ ಹಾಕಿದೆಯೇನೇ" ಎಂದು ಗೊಣಗುತ್ತಿದ್ದ ಬಾಯಿಂದ ಇಸ್ತ್ರಿ ಹಾಕಿದಂಥ ಒಂದು ಬಹುವಚನ ಹೊರಬರುತ್ತದೆ: "ಹೇಳಿ."

ಟೆಲಿಫೋನ್ ವಿನಿಮಯ ಕೇಂದ್ರದ ಎನ್‌ಕ್ವೈರಿ ವಿಭಾಗದಲ್ಲಿ ಅವರು ಮೂವತ್ತೊಂದು ವರ್ಷ ದುಡಿದವರು. ಯಾರದಾದರೂ ನಂಬರು ಗೊತ್ತಿಲ್ಲದಿದ್ದರೆ ಊರಿನವರೆಲ್ಲ ಅಲ್ಲಿಗೆ ಫೋನು ಮಾಡಿ ಕೇಳುತ್ತಿದ್ದ ಕಾಲ ಅದು. ಹೆಡ್‌ಫೋನಿನ ಪಟ್ಟಿ ಕೂತಿದ್ದ ಜಾಗದಲ್ಲಿ ಕೂದಲು ಇಂದಿಗೂ ತೆಳುವಾಗಿದೆ. ಆ ಹೆಡ್‌ಫೋನಿನ ತಂತಿ ನಾಲ್ಕು ಅಡಿ ಇತ್ತಂತೆ. ನಿವೃತ್ತರಾಗಿ ಹನ್ನೆರಡು ವರ್ಷವಾದರೂ ಅವರು ಯೋಚನೆಯಲ್ಲಿ ಮುಳುಗಿ ನಡೆದಾಡುವಾಗ ನಾಲ್ಕನೇ ಅಡಿಗೆ ಸರಿಯಾಗಿ ತಿರುಗಿಬಿಡುತ್ತಾರೆ. ಯಂತ್ರಗಳಿಗಾಗಿ ತಣ್ಣಗಿಟ್ಟ ಕೋಣೆಯಲ್ಲಿ ಹಾಕಿಕೊಳ್ಳುತ್ತಿದ್ದ ತೋಳಿಲ್ಲದ ಬೂದು ಸ್ವೆಟರನ್ನು ಬೇಸಿಗೆಯಲ್ಲೂ ಬಿಡುವುದಿಲ್ಲ. "ಅದು ಇಲ್ಲದಿದ್ದರೆ ಕಿವಿ ಸರಿಯಾಗಿ ಕೇಳಲ್ಲ" ಎನ್ನುತ್ತಾರೆ.

ನಾನು ಅವರನ್ನು ಮೊದಲು ಕಂಡದ್ದು ಆ ಕೇಂದ್ರವನ್ನು ಮುಚ್ಚಿದಾಗ, ಒಂದು ಲೇಖನಕ್ಕಾಗಿ. ಪುಸ್ತಕ ತೆರೆದು, "ನಿಮ್ಮ ಅನುಭವ ಹೇಗಿತ್ತು?" ಎಂದೆ. ಅವರು ನನ್ನನ್ನೇ ನೋಡಿದರು. "ಇದು ಪ್ರಶ್ನೆ ಅಲ್ಲ, ಬಲೆ. ಬಿದ್ದದ್ದು ಬೀಳಲಿ ಅಂತ ಬೀಸಿದ್ದೀರಿ. ನಿಮಗೆ ಬೇಕಾಗಿರೋದು ಏನು?" ನನಗೆ ಗೊತ್ತಿರಲಿಲ್ಲ. ಟೀ ಕುಡಿದು ಎದ್ದುಬಂದು, ಮರುದಿನ ಆರು ಪ್ರಶ್ನೆ ಬರೆದುಕೊಂಡು ಹೋದೆ. ಅದರಲ್ಲಿ ಎರಡಕ್ಕೆ ಪಾಸು ಸಿಕ್ಕಿತು.

ಅವರ ಹಟವೊಂದೇ: "ಯಾಕೆ ಬೇಕು?" ಎನ್‌ಕ್ವೈರಿಯಲ್ಲಿ ಅದನ್ನು ಕೇಳುವಂತಿರಲಿಲ್ಲ. ಕೇಳಿದ ನಂಬರು ಕೊಡಬೇಕು, ಮುಂದಿನ ಕರೆ ಎತ್ತಿಕೊಳ್ಳಬೇಕು. ಒಂದು ಮಧ್ಯಾಹ್ನ ಯಾರೋ ಒಬ್ಬ ಏದುಸಿರು ಬಿಡುತ್ತ ಗಾಜಿನಂಗಡಿಯ ನಂಬರು ಕೇಳಿದ. ಯಾಕೆ ಬೇಕು ಎಂದರೆ, ಕಿಟಕಿಗೆ ಹೊಸ ಗಾಜು ಹಾಕಿಸಬೇಕು ಎಂದ. ಹಳೆಯದು ಯಾವಾಗ ಒಡೆಯಿತು ಎಂದರೆ, ಇನ್ನೂ ಒಡೆದಿಲ್ಲ, ಈಗ ಒಡೆಯಬೇಕು ಎಂದ. ಅವನ ತಾಯಿ ಸ್ನಾನದ ಮನೆಯಲ್ಲಿ ಬಿದ್ದಿದ್ದರು, ಬಾಗಿಲು ಒಳಗಿಂದ ಹಾಕಿತ್ತು. ಆತ ಗಾಬರಿಯಲ್ಲಿ ಎರಡು ಹೆಜ್ಜೆ ಮುಂದಕ್ಕೆ ಯೋಚಿಸಿ, ಬೇಕಾದ್ದನ್ನು ಬಿಟ್ಟು ಅದರಾಚೆಯದನ್ನು ಕೇಳುತ್ತಿದ್ದ. ಅತ್ತೆ ಗಾಜಿನಂಗಡಿಯ ನಂಬರು ಕೊಡದೆ ಕರೆಯನ್ನು ಅಗ್ನಿಶಾಮಕ ಠಾಣೆಗೆ ಜೋಡಿಸಿದರು. ಒಂದೇ ಕರೆಗೆ ಎರಡು ನಿಮಿಷ ವ್ಯಯಿಸಿದ್ದಕ್ಕೆ ಮೇಲಧಿಕಾರಿ ಮೆಮೊ ಕೊಟ್ಟರು. ಇಂಥ ಮೂರು ಮೆಮೊಗಳು ಅವರ ಕಡತದಲ್ಲಿವೆ, ಪ್ಲಾಸ್ಟಿಕ್ ಹಾಳೆಯೊಳಗೆ, ಸುಕ್ಕಿಲ್ಲದಂತೆ.

ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದು ಸೊಸೆಯ ಕೆಲಸ. ಒಂದು ಕಣ್ಣಾಸ್ಪತ್ರೆಯಲ್ಲಿ ಯಾವ ರೋಗಿ ಯಾವ ದಿನ ಬರಬೇಕೆಂದು ಗೊತ್ತುಮಾಡಿ ಮೊಬೈಲಿಗೆ ಸಂದೇಶ ಕಳಿಸುವ ಪ್ರೋಗ್ರಾಮನ್ನು ಅವಳೊಬ್ಬಳೇ ಮನೆಯಿಂದ ನೋಡಿಕೊಳ್ಳುತ್ತಾಳೆ. ಇಂಥವರು ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಹೋಗಿ ಕೇಳುವ ಜಾಲತಾಣವೊಂದಿದೆ. ಮುಖ ನೋಡದ ಜನ, ದೂರದೂರದ ನಾಡುಗಳಿಂದ, ಬಿಟ್ಟಿಯಾಗಿ ಉತ್ತರ ಹೇಳುತ್ತಾರೆ. ಬಿಟ್ಟಿಯಾದ್ದರಿಂದಲೇ ಅಲ್ಲಿ ಶಿಸ್ತು ಬಿಗಿ. ಆಗಲೇ ಯಾರೋ ಕೇಳಿದ್ದನ್ನು ಕೇಳಬಾರದು. ನೀವು ಏನೇನು ಮಾಡಿ ನೋಡಿದಿರಿ ಎಂದು ಹೇಳಬೇಕು. ಯಂತ್ರ ತೋರಿಸಿದ ದೋಷವನ್ನು ಅಕ್ಷರದಲ್ಲಿ ಬರೆಯಬೇಕೇ ಹೊರತು ಫೋಟೋ ಹೊಡೆದು ಹಾಕಬಾರದು. ತಪ್ಪಿದರೆ ನಿಮ್ಮ ಪ್ರಶ್ನೆಗೆ ಬಾಗಿಲು ಹಾಕುತ್ತಾರೆ. ಮೂರು ಪ್ರಶ್ನೆಗಳಿಗೆ ಬಾಗಿಲು ಬಿದ್ದರೆ ಮತ್ತೆ ಕೇಳುವ ಹಕ್ಕೇ ಇಲ್ಲ. ಫೋಟೋ ಹಾಕಿದ್ದಕ್ಕೆ ಸೊಸೆಯ ಒಂದು ಪ್ರಶ್ನೆ ಹಿಂದೆಯೇ ಹೋಗಿತ್ತು.

ಈಚೆಗೊಮ್ಮೆ ಆ ಆಸ್ಪತ್ರೆಯಲ್ಲಿ ಜನ ಒಂದು ದಿನ ಮುಂಚೆಯೇ ಬಂದು ಕೂರತೊಡಗಿದರು. ಹದಿನಾಲ್ಕಕ್ಕೆ ಬರಬೇಕಾದವರಿಗೆ ಹದಿಮೂರಕ್ಕೆ ಬನ್ನಿ ಎಂದು ಸಂದೇಶ ಹೋಗುತ್ತಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ವೃದ್ಧರೊಬ್ಬರು ಎರಡು ಬಸ್ಸು ಬದಲಿಸಿ ಬಂದು ಹಾಗೆಯೇ ಹಿಂದಿರುಗಿದರು. ಶುಕ್ರವಾರಕ್ಕೆ ಸರಿಹೋಗದಿದ್ದರೆ ಶನಿವಾರದಿಂದ ರಿಜಿಸ್ಟರ್ ಪುಸ್ತಕಕ್ಕೆ ಮರಳುತ್ತೇವೆ ಎಂದು ಆಸ್ಪತ್ರೆಯ ವ್ಯವಸ್ಥಾಪಕಿ ಹೇಳಿದಳು. ಆಸ್ಪತ್ರೆ ಹೋದರೆ ಸೊಸೆಯ ಕೆಲಸವೂ ಹೋದಂತೆ. ಸೋಮವಾರ ಅವಳು ತಾಣದಲ್ಲಿ ಬರೆದಳು: "ತಾರೀಕಿಗೆ ಒಂದು ದಿನ ಸೇರಿಸುವುದು ಹೇಗೆ? ತುಂಬಾ ತುರ್ತು." ನಾಲ್ಕು ನಿಮಿಷದಲ್ಲಿ ಬಾಗಿಲು ಬಿತ್ತು. ಹಾಕಿದವರು ಕೆಳಗೆ ಬರೆದಿದ್ದರು: "ಇದನ್ನು ಸಾವಿರ ಸಲ ಕೇಳಿ ಆಗಿದೆ. ತುರ್ತು ನಿಮ್ಮದು, ನಮ್ಮದಲ್ಲ."

ಮಂಗಳವಾರ ನಾನು ಹಳೆಯ ಫೋಟೋಗಳನ್ನು ಹಿಂದಿರುಗಿಸಲು ಹೋದಾಗ ಸೊಸೆ ಊಟದ ಮೇಜಿನಲ್ಲಿ ಕೆಂಪು ಮೂಗಿನೊಂದಿಗೆ ಕೂತಿದ್ದಳು.

"ಏನು ಕೇಳಿದ್ದಿರಿ?" ಅತ್ತೆ ಕೆಲಸಕ್ಕೆ ಕೂತಾಗಿತ್ತು.

"ತಾರೀಕಿಗೆ ಒಂದು ದಿನ ಸೇರಿಸೋದು ಹೇಗೆ ಅಂತ."

"ಯಾಕೆ ಸೇರಿಸಬೇಕು?"

"ಒಂದು ದಿನ ಕಮ್ಮಿ ಬರ್ತಿದೆಯಲ್ಲ ಅತ್ತೆ, ಅದಕ್ಕೆ."

"ಯಾಕೆ ಕಮ್ಮಿ ಬರ್ತಿದೆ?"

"ಗೊತ್ತಿದ್ದರೆ ಯಾಕೆ ಕೇಳ್ತಿದ್ದೆ?"

"ಅದನ್ನ ನೀವು ಕೇಳಲೇ ಇಲ್ಲವಲ್ಲ."

ಸೊಸೆ ನನ್ನ ಕಡೆ ತಿರುಗಿದಳು. "ಇವರ ಮಗ ಮನೇಲಿ ಯಾಕೆ ಬಾಯೇ ಬಿಡಲ್ಲ ಅಂತ ಈಗ ಅರ್ಥ ಆಯ್ತು."

"ಅವನು ಚಿಕ್ಕಂದಿನಿಂದ ಹಾಗೇ. ಹಸಿವು ಅಂತ ಹೇಳದೆ, ಡಬ್ಬಿ ಎಲ್ಲಿದೆ ಅಂತ ಕೇಳ್ತಿದ್ದ" ಎಂದು ಅತ್ತೆ ಬಟಾಣಿ ಸಿಪ್ಪೆಯನ್ನು ಬದಿಗೆ ಸರಿಸಿದರು. "ಎಲ್ಲರಿಗೂ ಕಮ್ಮಿ ಬರ್ತಿದೆಯಾ?"

"ಇಲ್ಲ, ಕೆಲವರಿಗೆ."

"ಯಾವ ಕೆಲವರಿಗೆ?"

ಸೊಸೆ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನೋಡ್ಕೊಂಡು ಬನ್ನಿ. ಲೈನಲ್ಲೇ ಇರ್ತೀನಿ."

ಎರಡು ಗಂಟೆ ಕಳೆದ ಮೇಲೆ ಅವಳು ಪಟ್ಟಿ ಹಿಡಿದು ಬಂದಳು. ತಾರೀಕು ಹಿಂದೆ ಸರಿದವರು ನಲವತ್ಮೂರು ಜನ. ನಲವತ್ಮೂರು ಜನರಿಗೂ ಗಂಟೆ ಕೊಟ್ಟಿರಲಿಲ್ಲ, ಆ ದಿನ ಯಾವಾಗಲಾದರೂ ಬನ್ನಿ ಎಂದಷ್ಟೇ ಇತ್ತು. ಹತ್ತು ಗಂಟೆಗೆ, ಹನ್ನೆರಡಕ್ಕೆ ಎಂದು ಹೊತ್ತು ಗೊತ್ತಾದವರ ತಾರೀಕು ಕೆಟ್ಟಿರಲಿಲ್ಲ. ಎಲ್ಲದಕ್ಕೂ ಒಂದು ದಿನ ಸೇರಿಸಿದ್ದರೆ ಸರಿಯಿದ್ದವರೂ ತಪ್ಪಾಗುತ್ತಿದ್ದರು.

ಅತ್ತೆ ಹಳೆಯ ಕ್ಯಾಲೆಂಡರನ್ನು ಕತ್ತರಿಸಿ ಅಂಗೈಯಗಲದ ಚೀಟಿಗಳನ್ನು ಮಾಡಿಟ್ಟುಕೊಂಡಿದ್ದಾರೆ. ಒಂದು ಚೀಟಿಯ ಬೆನ್ನಿನಲ್ಲಿ ಹಿಡಿಸದಷ್ಟು ಉದ್ದದ ಪ್ರಶ್ನೆ ಇನ್ನೂ ಹಣ್ಣಾಗಿಲ್ಲ ಎಂಬುದು ಅವರ ಲೆಕ್ಕ. ಸೊಸೆ ಬರೆದದ್ದರಲ್ಲಿ 'ತುರ್ತು' ಎಂಬುದನ್ನು ಪೆನ್ಸಿಲಿನಿಂದ ಹೊಡೆದುಹಾಕಿದರು. "ನಿಮ್ಮ ಗಡಿಯಾರ ಅವರ ಗೋಡೆ ಮೇಲಿಲ್ಲ." 'ನಾನು ಹೊಸಬಳು, ತಪ್ಪಿದ್ದರೆ ಕ್ಷಮಿಸಿ' ಎಂಬುದೂ ಹೋಯಿತು. "ದಾರಿ ಕೇಳೋಕೆ ಬಂದಿದ್ದೀರಿ, ಕಾಲು ಹಿಡಿಯೋಕಲ್ಲ." ಉಳಿದದ್ದು ಇಷ್ಟು: ಏನು ಕೊಟ್ಟೆ, ಏನು ಬರಬೇಕಿತ್ತು, ಏನು ಬಂತು, ಯಾರಿಗೆ ಬಂತು, ಯಾರಿಗೆ ಬರಲಿಲ್ಲ. ಜತೆಗೆ ಪ್ರೋಗ್ರಾಮಿನ ಆರು ಸಾಲು.

ಬುಧವಾರ ಬೆಳಿಗ್ಗೆ ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟ ಸೊಸೆ ಒತ್ತಲಿಲ್ಲ. "ಇದಕ್ಕೂ ಬಾಗಿಲು ಹಾಕಿದರೆ ಮುಗೀತು ಅತ್ತೆ. ಆಮೇಲೆ ಕೇಳೋಕೆ ಜಾಗ ಇಲ್ಲ."

"ಹಾಕಿದರೆ ಹಾಕಲಿ. ಪ್ರಶ್ನೆ ಸರಿಯಾಗಿದೆ."

ಹನ್ನೊಂದು ನಿಮಿಷಕ್ಕೆ ಉತ್ತರ ಬಂತು, ಸೋಮವಾರ ಬಾಗಿಲು ಹಾಕಿದ್ದವರಿಂದಲೇ. ಗಂಟೆ ಕೊಡದ ತಾರೀಕನ್ನು ಪ್ರೋಗ್ರಾಂ ನಡುರಾತ್ರಿ ಹನ್ನೆರಡೆಂದು ಓದಿಕೊಳ್ಳುತ್ತದೆ. ಎತ್ತಿಡುವಾಗ ಅದನ್ನು ದೂರದ ಇನ್ನೊಂದು ನಾಡಿನ ಗಡಿಯಾರಕ್ಕೆ ಹೊಂದಿಸುತ್ತದೆ. ಆ ಗಡಿಯಾರದಲ್ಲಿ ಆಗಿನ್ನೂ ಹಿಂದಿನ ದಿನ. ಬದಲಿಸಬೇಕಾದ ಸಾಲು ಒಂದೇ. ಕೊನೆಗೆ ಅವರು ಬರೆದಿದ್ದರು: "ಚೆನ್ನಾಗಿ ಕೇಳಿದ್ದೀರಿ." ಸೊಸೆ ಅದನ್ನು ಎರಡು ಸಲ ಓದಿ ಹೇಳಿದಳು. ಅತ್ತೆ ಸ್ವೆಟರಿನ ಗುಂಡಿ ಸರಿಮಾಡಿಕೊಂಡರು.

ಗುರುವಾರ ಸಂಜೆ ನಾನು ಮತ್ತೆ ಹೋಗಿದ್ದಾಗ, ಸಾಲು ಬದಲಾಗಿ, ತಾರೀಕು ತಪ್ಪಿದವರಿಗೆಲ್ಲ ಹೊಸ ಸಂದೇಶ ಹೋಗಿ, ಸೊಸೆ ಲ್ಯಾಪ್‌ಟಾಪ್ ಮುಚ್ಚಿದಳು.

"ಅವರಿಗೆ ಹೇಳಿದಿರಾ?"

"ಥ್ಯಾಂಕ್ಸ್ ಅಂತ ಹಾಕ್ತೀನಿ ಬಿಡಿ, ನಾಳೆ."

"ಥ್ಯಾಂಕ್ಸ್ ಯಾರಿಗೆ ಬೇಕು. ಸಿಕ್ಕಿತಾ ಇಲ್ಲವಾ ಅಂತ ಹೇಳಿ."

ಆಮೇಲೆ ಅತ್ತೆ ನಾಲ್ಕು ಅಡಿ ನಡೆದು ತಿರುಗಿದರು. ಮೂವತ್ತೊಂದು ವರ್ಷದಲ್ಲಿ ಎಷ್ಟು ನಂಬರು ಕೊಟ್ಟಿರಬಹುದೆಂದು ನಾನು ಒಮ್ಮೆ ಕೇಳಿದ್ದೆ; ಅದಕ್ಕೆ ಲೆಕ್ಕವಿಲ್ಲ ಎಂದಿದ್ದರು. ಈಗ ಕೇಳದೆಯೇ ಹೇಳಿದರು. "ಆ ಗಾಜಿನಂಗಡಿ ನಂಬರು ಕೇಳಿದವನು ಮತ್ತೆ ಫೋನು ಮಾಡಲಿಲ್ಲ. ಯಾಕೆ ಮಾಡ್ತಾನೆ ಪಾಪ. ಆದರೆ ಅವರಮ್ಮ ಎದ್ದರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ."

ಸೊಸೆ ಲ್ಯಾಪ್‌ಟಾಪನ್ನು ಮತ್ತೆ ತೆರೆದಳು. ಏನು ತಪ್ಪಾಗಿತ್ತು, ಯಾವ ಸಾಲು ಬದಲಿಸಿದೆ, ಈಗ ಏನು ಬರುತ್ತಿದೆ ಎಂದು ನಾಲ್ಕು ಸಾಲು ಬರೆದು ಹಾಕಿದಳು.

ಉತ್ತರ ಬಲ್ಲವರಿಗೆ ಎಲ್ಲೆಡೆ ಕುರ್ಚಿಯಿದೆ. ಅತ್ತೆಯಂಥವರು ಉತ್ತರ ಬಲ್ಲವರಲ್ಲ. ಕೇಳುವವರನ್ನು ತಮ್ಮ ನಿಜವಾದ ತೊಂದರೆಯ ಎದುರು ತಂದು ಕೂರಿಸಿ, ಲೈನು ಕಡಿಯದೆ ಕಾಯುವವರು. ಅವರಿಂದ ಉಪಕಾರ ಪಡೆದವರು ಅದನ್ನು ಮರೆಯುವುದು ಸಹಜ, ಏಕೆಂದರೆ ದಾರಿ ತೆರೆದುಕೊಂಡ ಮೇಲೆ ಅದು ತಾವೇ ಕಂಡುಕೊಂಡದ್ದೆಂದು ಎಲ್ಲರಿಗೂ ತೋರುತ್ತದೆ. ಹಾಗೆ ತೋರಲಿ ಎಂದೇ ಅವರೂ ಬಿಟ್ಟಿರುತ್ತಾರೆ. ಕೊನೆಗೇನಾಯಿತು ಎಂಬುದೊಂದನ್ನು ಮಾತ್ರ ಬಿಟ್ಟುಕೊಡಲು ಅವರಿಗೆ ಮನಸ್ಸು ಬರುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಆಸ್ಪತ್ರೆಯಿಂದ ಫೋನು ಬಂತು. ಆ ದಿನ ಬರಬೇಕಿದ್ದ ಹತ್ತೊಂಬತ್ತು ಜನರೂ ಬಂದಿದ್ದರು. ಮರುದಿನವೇ ಮತ್ತೆ ಬರಲಾಗದೆ ಶುಕ್ರವಾರದ ತಾರೀಕು ಪಡೆದಿದ್ದ, ಎರಡು ಬಸ್ಸು ಬದಲಿಸುವ ಆ ವೃದ್ಧರೂ ಬಂದು, ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಹೋಗಿದ್ದರು. ಸೊಸೆ ಫೋನಿಟ್ಟು ನೇರ ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದಳು.