ಜರ್ಬೆರಾ ಕೋಣೆಯ ಕಾವು

ಹೊರಮಾವಿನ ಆ ಮನೆಯಲ್ಲಿ ಹಿಂದೆ ರಾಗಿ ತುಂಬಿಡುತ್ತಿದ್ದ ಕೋಣೆಗೆ ಕಿಟಕಿಯೇ ಇರಲಿಲ್ಲ. ಸುಕನ್ಯಳಿಗೆ ಬೇಕಾಗಿದ್ದದ್ದೂ ಅಂಥದೇ, ಬಿಸಿಲು ಧೂಳು ನುಗ್ಗದ ಕೋಣೆ. ಮದುವೆಗೆ ಮುಂಚೆ ಅವಳು ಜೋಗುಪಾಳ್ಯದಿಂದ ಬಸ್ಸು ಹಿಡಿದು ಟಿಶ್ಯೂ ಕಲ್ಚರ್ ಲ್ಯಾಬೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಗಿಡದ ಒಂದು ಚೂರಿನಿಂದ ಗಾಜಿನ ಬಾಟಲಿಯೊಳಗೆ ಸಸಿಗಳನ್ನು ಎಬ್ಬಿಸುವ ಕೆಲಸ ಅವಳ ಕೈಗೆ ಚೆನ್ನಾಗಿ ಹತ್ತಿತ್ತು. ಅದನ್ನೇ ಮನೆಯಲ್ಲಿ ಶುರು ಮಾಡುತ್ತೇನೆ ಎಂದಾಗ ಗಂಡ ಕೆಂಪರಾಜ್ ಕುಣಿದಾಡಿಬಿಟ್ಟ. ಅವನದು ಎಲೆಕ್ಟ್ರಿಕಲ್ ಕಂಟ್ರಾಕ್ಟು; ಕಲ್ಯಾಣ ನಗರದಲ್ಲಿ ಏಳುತ್ತಿದ್ದ ಹೊಸ ಮನೆಗಳಿಗೆ ವೈರಿಂಗ್ ಮಾಡಿಸುತ್ತಿದ್ದ. ಈ ಕೋಣೆಗೆ ಮಾತ್ರ ತನ್ನ ಹುಡುಗರನ್ನು ಕರೆಯಲಿಲ್ಲ. ಭಾನುವಾರಗಳಂದು ತಾನೇ ಏಣಿ ಹತ್ತಿ, ರ‍್ಯಾಕಿನ ಪ್ರತಿ ಅಂತಸ್ತಿಗೂ ಟ್ಯೂಬ್‌ಲೈಟು ಕಟ್ಟಿ, ಒಂದು ವೈರೂ ಜೋತು ಬೀಳದಂತೆ ಕ್ಲಿಪ್ಪು ಹೊಡೆದ. ಮನೆಗೆ ನೆಂಟರು ಬಂದರೆ ಕಾಫಿಗೆ ಮುಂಚೆ ಕೋಣೆ ತೋರಿಸುತ್ತಿದ್ದ.

ಚಳಿಗಾಲ ಚೆನ್ನಾಗಿಯೇ ಕಳೆಯಿತು. ಹೊಸಕೋಟೆ ಕಡೆಯ ಹೂವಿನ ಬೆಳೆಗಾರರೊಬ್ಬರು ಜರ್ಬೆರಾ ಸಸಿ ಕೇಳಿದ್ದರು. ರ‍್ಯಾಕಿನ ತುಂಬ ಬಾಟಲಿ, ಬಾಟಲಿಯ ತುಂಬ ಹಸಿರು. ಮಾರ್ಚ್ ಬಂದದ್ದೇ ಎಲ್ಲ ಕೆಟ್ಟಿತು. ಏಸಿ ಬಿಡುವಿಲ್ಲದೆ ಓಡಿದರೂ ಗೋಡೆಯ ಥರ್ಮಾಮೀಟರು ಮೂವತ್ತರಿಂದ ಕೆಳಗಿಳಿಯಲಿಲ್ಲ. ಸಸಿಗೆ ಇಪ್ಪತ್ತೈದು ಇದ್ದರೆ ಹಿತ. ಬಾಟಲಿಗಳು ಒಳಗೊಳಗೇ ಬೆವತು, ಎಲೆಗಳು ನೀರು ಕುಡಿದಂತೆ ಊದಿಕೊಂಡು ಗಾಜಿನ ಹಾಗಾದವು. ಅಂಥ ಸಸಿಯನ್ನು ಮಣ್ಣಿಗೆ ಹಾಕಿದರೆ ಸಂಜೆಯೊಳಗೆ ಕೊಳೆತುಹೋಗುತ್ತದೆ.

"ಏಸಿದೇ ಪ್ರಾಬ್ಲಮ್ಮು," ಎಂದು ಕೆಂಪರಾಜ್ ಶಿವಾಜಿನಗರದಿಂದ ಮೆಕ್ಯಾನಿಕ್ ಹಬೀಬನನ್ನು ಕರೆತಂದ. ಹಬೀಬ್ ಗ್ಯಾಸ್ ನೋಡಿದ, ಜಾಲರಿ ತೊಳೆದ, "ಮೆಷಿನ್ನು ಸರಿಯಾಗೈತೆ ಭಾಯ್," ಎಂದು ಹೇಳಿ ಹೋದ. ಕಾವು ಮಾತ್ರ ಇಳಿಯಲಿಲ್ಲ.

ಒಂದು ಬೆಳಿಗ್ಗೆ ನೆಲ ಒರೆಸಲು ಕೂತ ಸುಕನ್ಯಳ ಕಣ್ಣಿಗೆ ರ‍್ಯಾಕಿನ ತೀರಾ ಕೆಳಗಿನ ಅಂತಸ್ತು ಬಿತ್ತು. ಅಲ್ಲಿಯ ಬಾಟಲಿಗಳು ತಿಳಿಯಾಗಿದ್ದವು. ಎಲೆ ಗಟ್ಟಿಯಾಗಿ ನಿಂತಿತ್ತು. ಅದೇ ಸಸಿ, ಅದೇ ದಿನ ಹಾಕಿದ್ದು. ಮೇಲಿನ ಅಂತಸ್ತಿನ ಹಲಗೆಯ ಅಡಿಗೆ ಕೈ ಹಾಕಿದವಳು ಚುರ್ ಎಂದು ಹಿಂದಕ್ಕೆ ಎಳೆದುಕೊಂಡಳು. ಚೋಕು. ಟ್ಯೂಬು ಹತ್ತಲು ಬೇಕಾದ ಆ ಭಾರದ ಕಬ್ಬಿಣದ ಡಬ್ಬಿಗಳನ್ನು ಕೆಂಪರಾಜ್ ತೀರಾ ಕೆಳಗಿನದೊಂದನ್ನು ಬಿಟ್ಟು ಪ್ರತಿ ಹಲಗೆಯ ಅಡಿಗೂ ಸಾಲಾಗಿ ಕೂರಿಸಿದ್ದ. ಅವು ಮೇಲಿನ ಬಾಟಲಿಗಳನ್ನು ಅಡಿಯಿಂದ ಒಲೆಯ ಹಾಗೆ ಕಾಯಿಸುತ್ತಿದ್ದವು. ಕೆಳಗಿನ ಸಾಲಿಗೆ ಅಡಿಯಲ್ಲಿ ನೆಲ ಬಿಟ್ಟರೆ ಏನೂ ಇರಲಿಲ್ಲ.

ಗೊತ್ತಾದದ್ದನ್ನು ಗಂಡನಿಗೆ ಹೇಳುವುದು ಹೇಗೆ? ಆ ಕ್ಲಿಪ್ಪುಗಳನ್ನು ಅವನು ಎಷ್ಟು ಆಸೆಯಿಂದ ಹೊಡೆದಿದ್ದ! ಹೇಳದೆಯೇ ಸುಧಾರಿಸೋಣವೆಂದು ಸುಕನ್ಯ ಅರ್ಧ ಟ್ಯೂಬುಗಳನ್ನು ಆರಿಸಿದಳು. ಕಾವೇನೋ ಇಳಿಯಿತು, ಆದರೆ ಬೆಳಕು ಸಾಲದೆ ಸಸಿಗಳು ಬಿಳುಚಿಕೊಂಡು ಕಡ್ಡಿಯ ಹಾಗೆ ಉದ್ದಕ್ಕೆ ಎದ್ದವು. ಮತ್ತೆ ಎಲ್ಲ ಹತ್ತಿಸಿ, ಟೈಮರ್ ತಿರುಗಿಸಿ, ಬಿಸಿಲಿನ ಹೊತ್ತು ಕತ್ತಲೆ ಮಾಡಿ ರಾತ್ರಿಯಿಡೀ ಬೆಳಕು ಕೊಟ್ಟಳು. ಕೊಂಚ ವಾಸಿ ಎನ್ನಿಸಿತು. ಆದರೂ ಬಾಟಲಿ ಬೆವರುವುದು ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಬಂದ ಕೆಂಪರಾಜ್ ಕೋಣೆ ಕತ್ತಲಾಗಿರುವುದನ್ನು ಕಂಡ.

"ಯಾರು ಟೈಮರ್ ಮುಟ್ಟಿದ್ದು?"

"ನಾನೇ ರೀ." ಇನ್ನು ಮುಚ್ಚಿಡಲು ಅವಳಿಗೆ ಆಗಲಿಲ್ಲ. "ಕಾವು ಏಸಿದಲ್ಲ. ಚೋಕ್‌ದು. ಅವು ಒಳಗಿರಬಾರ್ದು."

ಅವನು ಹಲಗೆಯ ಅಡಿ ಬೆರಳಿಟ್ಟು ನೋಡಿದ. ಮುಖ ಸಪ್ಪಗಾಯಿತು.

"ಯಾವಾಗ ಗೊತ್ತಾಯ್ತು ನಿಂಗೆ?"

"ಯುಗಾದಿಗೆ ಮುಂಚೆ."

"ಅಷ್ಟು ದಿನ ಕಳ್ಳಾಟ ಆಡ್ಕೊಂಡಿದ್ದಾ? ನಾನೇನು ನಿನ್ನ ತಿಂದ್ಬಿಡ್ತಿದ್ನಾ?"

ಅನ್ನ ಮುಟ್ಟದೆ ಸ್ಕೂಟರ್ ಹತ್ತಿ ಹೋದ. ಆ ವಾರವೆಲ್ಲ ಮನೆಯಲ್ಲಿ ಮಾತಿಗೆ ಬರ. ತಪ್ಪು ಮಾಡಿದವನು ಅವನು, ಅಪರಾಧಿ ತಾನಾದೆನಲ್ಲ ಎಂದು ಸುಕನ್ಯಳಿಗೆ ಮೊದಮೊದಲು ಕೋಪವೇ ಬಂತು. ಆಮೇಲೆ ಒಂದು ಪೂರ್ತಿ ಸಾಲು ಬಾಟಲಿ ತೆಗೆದು ತೊಟ್ಟಿಗೆ ಸುರಿಯುವಾಗ ಅನ್ನಿಸಿತು: ಅಂದೇ ಹೇಳಿದ್ದರೆ ಇವು ಉಳಿಯುತ್ತಿದ್ದವು.

"ಅವ್ನು ತಾನಾಗಿ ತಪ್ಪಾಯ್ತು ಅನ್ನೋನಲ್ಲ ಕಣಮ್ಮಿ," ಎಂದರು ಅತ್ತೆ ಮುನಿಶಾಮಮ್ಮ, ಸೊಪ್ಪು ಬಿಡಿಸುತ್ತ. "ನೀನೇ ಕರಿ. ಕೆಲ್ಸಕ್ಕೆ ಕರುದ್ರೆ ಬತ್ತಾನೆ."

ಭಾನುವಾರ ಬೆಳಿಗ್ಗೆ ಅವಳು ಏಣಿಯನ್ನು ಕೋಣೆಯ ಮುಂದೆ ತಂದಿಟ್ಟು, "ಚೋಕು ಹೊರಗೆ ಹಾಕೋಕೆ ಗೋಡೆ ಕೊರೀಬೇಕಲ್ಲ ರೀ, ನಂಗೆ ಡ್ರಿಲ್ಲು ಹಿಡಿಯೋಕೆ ಬರಲ್ಲ," ಎಂದಳು. ಅವನು ಪೇಪರು ಮಡಿಸಿಟ್ಟು ಎದ್ದ.

ಅವಳು ಬಾಟಲಿಗಳನ್ನೆಲ್ಲ ನಡುಮನೆಗೆ ಸಾಗಿಸಿದಳು. ಅವನು ಚೋಕುಗಳನ್ನು ಒಂದೊಂದಾಗಿ ಬಿಚ್ಚಿ, ತಾನೇ ಹೊಡೆದಿದ್ದ ಕ್ಲಿಪ್ಪುಗಳನ್ನು ಕಿತ್ತ. ಗೋಡೆ ಹಳೆಯ ಕಲ್ಲಿನದು. ಡ್ರಿಲ್ಲು ಕಿರುಚಿತೇ ಹೊರತು ಒಳಗೆ ಇಳಿಯಲಿಲ್ಲ. ಕೊನೆಗೆ ಬಾಗಿಲ ಮೇಲಿನ ಇಟ್ಟಿಗೆ ಒಡೆದು ವೈರು ಹಾಯಿಸಿದರು. ಚೋಕುಗಳನ್ನು ಕೂರಿಸಿದ ಹಲಗೆಯೊಂದನ್ನು ಅತ್ತೆ ಮಲಗುವ ಜಗುಲಿಯ ಗೋಡೆಗೆ ಹಾಕಲು ಹೋದಾಗ ಮುನಿಶಾಮಮ್ಮ ಅಡ್ಡ ಬಂದರು: "ಒಳಗಿನ ಬೆಂಕಿನೆಲ್ಲಾ ತಂದು ನನ್ ತಲೆ ಮೇಲಿಕ್ತೀರಾ?" ಹಲಗೆ ಹಿತ್ತಲ ಕಡೆಯ ಸೂರಿನಡಿಗೆ ಹೋಯಿತು.

ಸಂಜೆ ಟ್ಯೂಬುಗಳೆಲ್ಲ ಒಟ್ಟಿಗೆ ಹತ್ತಿದವು. ಏಸಿ ಒಂದಷ್ಟು ಹೊತ್ತು ಓಡಿ, ಎಷ್ಟೋ ವಾರಗಳ ಮೇಲೆ ತಾನಾಗಿಯೇ ನಿಂತಿತು. ಥರ್ಮಾಮೀಟರಿನಲ್ಲಿ ಇಪ್ಪತ್ತಾರು. ಅರ್ಧಕ್ಕಿಂತ ಹೆಚ್ಚು ಸಸಿ ಹೋಗಿತ್ತು. ಹೊಸಕೋಟೆಯವರಿಗೆ ಫೋನು ಮಾಡಿ ಮಳೆಗಾಲದವರೆಗೆ ಕಾಯುವಂತೆ ಕೇಳಿಕೊಳ್ಳಬೇಕಿತ್ತು. ಆದರೂ ಬಾಟಲಿಗಳನ್ನು ಮರಳಿ ಜೋಡಿಸುವಾಗ ಸುಕನ್ಯಳಿಗೆ ಮೈ ಹಗುರಾಗಿತ್ತು.

"ಇನ್ನೇನಾದ್ರೂ ಇದ್ರೆ ಈಗ್ಲೇ ಹೇಳ್ಬಿಡು," ಎಂದ ಕೆಂಪರಾಜ್, ಕೈಯ ಗಾರೆ ಪುಡಿ ಒರೆಸಿಕೊಳ್ಳುತ್ತ. "ಮತ್ತೆ ಟೈಮರ್ ಗೀಮರ್ ತಿರುಗಿಸ್ಬೇಡ."

ಸುಕನ್ಯ ಬಾಗಿಲ ಹಿಂದಿನ ಖಾಲಿ ಜಾಗ ತೋರಿಸಿದಳು.

"ಬಾಗಿಲು ಹೊರಕ್ಕೆ ತೆಗೆಯೋ ಹಾಗಿದ್ದಿದ್ರೆ, ಇಲ್ಲಿ ಇನ್ನೊಂದು ರ‍್ಯಾಕ್ ಹಿಡೀತಿತ್ತು."

ಅವನು ಬಾಗಿಲಿನ ಕೀಲುಗಳನ್ನು ಮುಟ್ಟಿ ನೋಡಿದ.

"ಅಯ್ಯೋ, ಮೊದಲು ಊಟಕ್ಕಿಡು ತಾಯಿ," ಎಂದ.