ಇಲಿಯ ಅಳತೆ

ಹೊಲಿಗೆ ಯಂತ್ರದ ಡ್ರಾಯರನ್ನು ಮಾವ ನೆಲದ ಮೇಲೆ ಬೋರಲು ಹಾಕಿದರು. ದಾರದುಂಡೆ, ಸೂಜಿಡಬ್ಬಿ, ಸೀಮೆಸುಣ್ಣದ ಚೂರು. ಅಲ್ಲೇ ಪಕ್ಕದಲ್ಲಿ ಅವರ ತಂಗಿಯನ್ನು ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು.

“ಅವಳು ನನ್ನ ಹಾಡು ಬರ್ಕೊಂಡಿದ್ದ ಪುಸ್ತಕ ಎಲ್ಲಿ ಮಗೂ?” ಎಂದು ತಂಗಿಯ ಮಗಳನ್ನು ಕೇಳಿದರು. ದೊಡ್ಡ ಗಾಯಕರು, ದನಿ ಏರಿಸಿದವರೇ ಅಲ್ಲ. ಅವಳಿಗೆ ಭಯ ಅದರದ್ದೇ.

“ಅಂಥದ್ದೇನಿಲ್ಲ ಮಾವ. ಇದು ಗಿರಾಕಿಗಳ ಅಳತೆ ಪುಸ್ತಕ.” ಡ್ರಾಯರಿನಿಂದ ಬಿದ್ದ ಪುಸ್ತಕವನ್ನು ಅವಳು ಆಗಲೇ ಎತ್ತಿಕೊಂಡಿದ್ದಳು.

ಗುಂಡಿ ಮಾರುವ ಗುಂಡಿಯಮ್ಮ ಬಾಗಿಲಲ್ಲೇ ಕೂತಿದ್ದಳು. “ಕೊಡೇ ಇಲ್ಲಿ, ನನ್ನದಿದೆಯಾ ನೋಡೋಣ. ಕೊನೇವರೆಗೂ ನಂಗೆ ಬಿಗೀನೇ ಹೊಲಿದ್ಲು ಪುಣ್ಯಾತಗಿತ್ತಿ.” ಪುಟ ತೆರೆದು ಹುಬ್ಬೇರಿಸಿದಳು. “ಐದು, ಮೂರು, ಎರಡು, ಒಂದು… ಏಳರ ಮೇಲೆ ಒಂದೂ ಇಲ್ವಲ್ಲೇ. ಇಲಿಗೆ ಅಂಗಿ ಹೊಲೀತಿದ್ಲಾ?”

ಬಂದವರಲ್ಲಿ ಇಬ್ಬರು ನಕ್ಕರು. ಮಾವ ನಗಲಿಲ್ಲ. ಪುಸ್ತಕ ತೆಗೆದುಕೊಂಡರು.

* * *

ಮಗಳಿಗೆ ಆಗ ಒಂಬತ್ತು ವರ್ಷ. ತಾನು ಕಟ್ಟಿದ ಹಾಡಿನ ಕೊನೆಗೆ ಅಮ್ಮ ಮೊದಲ ಸಲ ತನ್ನ ಹೆಸರು ಬರೆದಿದ್ದಳು. ಅವಳ ಅಣ್ಣ, ಅಂದರೆ ಮಾವ, ಬಂದು ಓದಿದರು. ಹಾಳೆ ಹರಿದು, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು.

“ಹೆಂಗಸು ಹಾಡಬಹುದು ತಂಗಿ. ಕಟ್ಟೋದು ಬೇರೆ. ಜನ ನಗ್ತಾರೆ.”

ಮುಂದಿನ ವಾರ ಅದನ್ನೇ ತಮ್ಮದೆಂದು ಸಭೆಯಲ್ಲಿ ಹಾಡಿದರು.

ಅಂದಿನಿಂದ ಅಮ್ಮ ಅಳತೆ ಪುಸ್ತಕದಲ್ಲಿ ಸ್ವರಗಳನ್ನು ಅಂಕಿಯಲ್ಲಿ ಬರೆಯತೊಡಗಿದಳು. ‘ಸ’ ಎಂದರೆ ಒಂದು, ‘ನಿ’ ಎಂದರೆ ಏಳು. “ದೇವರಿಗೆ ಮಗ್ಗಿ ಬರುತ್ತೆ ಕಣೆ, ಓದ್ಕೋತಾನೆ,” ಎನ್ನುತ್ತಿದ್ದಳು. ಅಣ್ಣನ ಚಪ್ಪಲಿ ಸದ್ದು ಕೇಳಿದರೆ ಮಾತ್ರ ಪೆಡಲಿನ ಮೇಲೆ ಅವಳ ಕಾಲು ನಿಂತುಬಿಡುತ್ತಿತ್ತು.

* * *

ಮಾವ ಸಾಲಿನ ಮೇಲೆ ಬೆರಳಾಡಿಸಿದರು. ತುಟಿ ಮುಚ್ಚಿಯೇ ಇತ್ತು. ಗಂಟಲಿನ ಗಂಟು ಮಾತ್ರ ಮೇಲೆ ಕೆಳಗೆ ಆಡಿತು. ಒಳಗೇ ಹಾಡಿಕೊಳ್ಳುತ್ತಿದ್ದರು. ಗುಟ್ಟು ಬಯಲಾಗಿದ್ದು ಮಗಳಿಗೆ ತಿಳಿಯಿತು. ಅವಳಿಗೆ ಕೆಲಸ ಅವರ ಸಂಗೀತಶಾಲೆಯಲ್ಲೇ. ಅವರು ಒಂದು ಮಾತು ಆಡಿದರೆ ಬೇರೆಲ್ಲೂ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ.

“ಅವಳ ಕೈಬರಹ. ಅವಳ ಜೊತೆಗೇ ಹೋಗ್ಲಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಪುಸ್ತಕವನ್ನು ಬಿಳಿ ಬಟ್ಟೆಯೊಳಗೆ ತಳ್ಳಿದರು.

“ಎತ್ತೋಣ್ವಾ?” ಹೊರಲು ಬಂದವನೊಬ್ಬ ಕೇಳಿದ.

“ಒಂದ್ನಿಮಿಷ ತಡೀರಿ,” ಎಂದಳು ಮಗಳು. ಅಮ್ಮನ ತಣ್ಣನೆಯ ತೋಳಿನಡಿಯಿಂದ ಪುಸ್ತಕ ಎಳೆದುಕೊಂಡಳು. ಮಾವ ಅವಳ ಮಣಿಕಟ್ಟು ಹಿಡಿದರು.

“ಮಗೂ, ಯೋಚನೆ ಮಾಡು,” ಎಂದರು ಮೆಲ್ಲಗೆ.

ಅವಳು ಇನ್ನೊಂದು ಕೈಯಲ್ಲಿ ಪುಸ್ತಕ ತೆರೆದಳು. ಅಂಕಿ ನೋಡಿ ಮೊದಲ ಸಾಲಿನ ಸ್ವರ ಹಾಡಿದಳು. ದನಿ ಒಡೆಯಿತು. ನಿಲ್ಲಿಸಲಿಲ್ಲ. ಹಾಡು ಮುಗಿಯುವವರೆಗೆ ಯಾರೂ ಹೆಗಲು ಕೊಡಲು ಬಗ್ಗಲಿಲ್ಲ.

“ಅಮ್ಮ ಕಟ್ಟಿದ್ದು,” ಎಂದಳು. “ಇದರಲ್ಲಿರೋದೆಲ್ಲ. ಮಾವ ಹಾಡೋದೂ.”

ಮಾವ ಹಿಡಿದ ಕೈ ಬಿಡಲಿಲ್ಲ.

ಅಂತಿಮ ದರ್ಶನಕ್ಕೆ ಮಾವನ ಸಂಗೀತಶಾಲೆಯಿಂದ ನೇರವಾಗಿ ಬಂದಿದ್ದ ಶಿಷ್ಯೆಯರು ಗೋಡೆಗೊರಗಿ ಕೂತಿದ್ದರು. ಅವರಲ್ಲೊಬ್ಬಳು ಅಷ್ಟರಲ್ಲೇ ಸ್ವರಗಳನ್ನು ನೋಟ್‌ಬುಕ್ಕಿಗಿಳಿಸಿಕೊಂಡಿದ್ದಳು. ಕಟ್ಟಿದವರ ಹೆಸರು ಬರೆಯುವ ಮೇಲಿನ ಸಾಲಿನಲ್ಲಿ, ರೂಢಿಯಂತೆ, ಪೆನ್ಸಿಲಿನಲ್ಲಿ ಗುರುಗಳ ಹೆಸರು ಬರೆದಾಗಿತ್ತು. ಅವಳು ತಲೆ ಎತ್ತದೆ ಪಕ್ಕದವಳ ಕಡೆ ಕೈ ಚಾಚಿದಳು.

“ರಬ್ಬರ್ ಇದ್ಯಾ?”