ಬಿಲ್ಲೆಯೊಳಗಿನ ಮಗು

ಮಧುಗಿರಿಯ ಕಂಬಳಿ ವ್ಯಾಪಾರಿ ನಂದೀಶ್ವರಯ್ಯನಿಗೆ ಹರಾಜು ಅಂದರೆ ಪ್ರಾಣ. ಬೆಂಗಳೂರು ದಂಡಿನಲ್ಲಿ ಯಾರೋ ದೊರೆಯ ಬಂಗಲೆ ಕೆಡವಿದಾಗ, ಬೇಕೋ ಬೇಡವೋ, ಹಾಲೆಂಡ್ ದೇಶದ ಪಿಂಗಾಣಿ ಬಿಲ್ಲೆಗಳನ್ನು ಗಾಡಿಗೆ ಹೇರಿಕೊಂಡು ಬಂದ. ಸುಟ್ಟ ಮಣ್ಣಿನ ಬಿಲ್ಲೆ, ಮೇಲೆ ಬಿಳಿ ಹೊಳಪು, ಅದರ ಮೇಲೆ ನೀಲಿ ಚಿತ್ರ. ಚಿತ್ರ ಬರೆದ ಕಾಗದಕ್ಕೆ ಸೂಜಿಯಿಂದ ತೂತು ಚುಚ್ಚಿ, ಬಿಲ್ಲೆಯ ಮೇಲಿಟ್ಟು ಇದ್ದಲಪುಡಿ ಉದುರಿಸಿ, ಬಿದ್ದ ಚುಕ್ಕಿಗಳ ಗುಂಟ ಕುಂಚ ಎಳೆಯುತ್ತಾರಂತೆ. ಎಳೆದ ಗೆರೆ ಅಳಿಸುವ ಮಾತೇ ಇಲ್ಲವಂತೆ. ಹರಾಜಿನವ ಹೇಳಿದ್ದನ್ನು ನಂದೀಶ್ವರಯ್ಯ ಊರಿಗೆಲ್ಲ ಸಾರಿದ. ಗಾರೆ ಕೆಲಸದ ದೊಡ್ಡರಂಗಪ್ಪ ಅವನ್ನು ನಡುಮನೆಯ ಗೋಡೆಗೆ ಕೂರಿಸಿದ.

ಒಂದರಲ್ಲಿ ಬುಗುರಿ ಆಡುವ ಹುಡುಗನಿದ್ದ. ಹೆಂಡತಿ ಚನ್ನಮಲ್ಲಮ್ಮ ನೋಡಿದವಳೇ ಅವನ ಕೆನ್ನೆಗೆ ಬೆರಳಿಟ್ಟಳು.

"ನಮ್ಮ ಚಂದ್ರು ಕಣ್ರೀ! ಅದೇ ಗುಂಡು ಕೆನ್ನೆ!"

ಅವರ ಮಗ ಚಂದ್ರು ಪ್ಲೇಗಿನಲ್ಲಿ ತೀರಿಹೋಗಿದ್ದ. ಊರು ಖಾಲಿಮಾಡಿ ಬಯಲಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಾಲ. ಮುಟ್ಟಲು ಹೆದರಿ, ಸ್ನಾನವನ್ನೂ ಮಾಡಿಸದೆ ಕೂಸನ್ನು ಹೂತಿದ್ದರು. ಒಂದು ಪಟವನ್ನೂ ತೆಗೆಸಿರಲಿಲ್ಲ. ಈಗ ಚನ್ನಮಲ್ಲಮ್ಮ ಬೆಳಗಿನ ಲಿಂಗಪೂಜೆ ಮುಗಿಸಿದ ಕೂಡಲೇ ಬಿಲ್ಲೆಯ ಹುಡುಗನಿಗೆ ನೀರು ಹೊಯ್ದು, ಸೆರಗಿನಿಂದ ಒರೆಸಿ, ವಿಭೂತಿ ಹಚ್ಚುತ್ತಿದ್ದಳು. ಮಾತು ಬಿಟ್ಟಿದ್ದವಳು ನಗತೊಡಗಿದಳು. ನಂದೀಶ್ವರಯ್ಯನಿಗೆ ಹೋದ ಜೀವ ಬಂದಂತಾಯಿತು.

ಚಳಿಗಾಲಕ್ಕೆ ಬಿಲ್ಲೆಯ ಸುತ್ತ ಬಿಳಿ ಪುಡಿ ಎದ್ದಿತು. ಹುಡುಗನ ಕಾಲು ಚಕ್ಕೆಯಾಗಿ ಉದುರಿತು. ದೊಡ್ಡರಂಗಪ್ಪ ಬಂದು ಪುಡಿಯನ್ನು ನಾಲಿಗೆಗೆ ಮುಟ್ಟಿಸಿ ತಲೆ ಕೆರೆದುಕೊಂಡ.

"ಉಪ್ಪು, ಯಜಮಾನ್ರೆ. ಹಿತ್ಲು ಬಾವಿ ನೀರು ಸವುಳಲ್ವಾ? ಅಮ್ಮಾವ್ರು ಹಾಕಿದ್ದೆಲ್ಲ ಒಳಗಿಳ್ದು ಹೊಳಪನ್ನ ಎಬ್ಬುಸ್ತೈತೆ. ಕಿತ್ರೆ ಚೂರಾಯ್ತದೆ, ಬುಟ್ರೆ ಉದುರ್ತದೆ. ನೀರಾದ್ರೂ ನಿಲ್ಸಿ."

ನಿಲ್ಲಿಸಿ ಅನ್ನುವುದು ಸುಲಭ, ಅವನಪ್ಪನ ಗಂಟೇನು ಹೋಗಬೇಕು! ನಂದೀಶ್ವರಯ್ಯ ಒಳಗೆ ಹೋದ. ಹೆಂಡತಿ ತಂಬಿಗೆಗೆ ಬೆರಳದ್ದಿ ಬಿಸಿ ನೋಡುತ್ತಿದ್ದಳು.

"ಇನ್ಮೇಲೆ ನೀರು ಬೇಡ ಕಣೆ."

"ಅವತ್ತೂ ಬೇಡ ಅಂದ್ರಿ," ಅಂದಳು ಅವಳು, ತಲೆಯೆತ್ತದೆ. "ಮುಟ್ಟಬೇಡ ಅಂತ ನನ್ನ ಕೈ ಹಿಡ್ಕೊಂಡ್ರಿ."

ಹಿಡಿದುಕೊಂಡಿದ್ದು ನಿಜವೇ. ಕಾರಣ ಹೇಳಿದರೆ, ಮಗನನ್ನು ತಾನೇ ನೀರು ಹೊಯ್ದು ಅಳಿಸುತ್ತಿದ್ದೇನೆಂದು ಅವಳಿಗೆ ತಿಳಿಯುತ್ತದೆ. ಹೇಳದಿದ್ದರೆ ಮಗು ಉಳಿಯುವುದಿಲ್ಲ. ದಿನಾ ಬೆಳಿಗ್ಗೆ ಹೇಳುತ್ತೇನೆಂದು ಎದ್ದು, ದಿನಾ ಅಂಗಡಿಗೆ ಓಡಿಹೋದ, ಪಾಪದ ಮನುಷ್ಯ.

ಯುಗಾದಿಯ ಹೊತ್ತಿಗೆ ಕೆನ್ನೆಯೂ ಉದುರಿ, ಒಳಗಿನ ಕೆಂಪು ಮಣ್ಣು ಕಂಡಿತು. ಚನ್ನಮಲ್ಲಮ್ಮ ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. ಆಮೇಲೆ ಖಾಲಿ ತಂಬಿಗೆಯನ್ನು ಗಂಡನ ಕಡೆ ಚಾಚಿದಳು.

"ಮುಖವೆಲ್ಲ ಮಣ್ಣು ಮಾಡ್ಕೊಂಡಿದಾನೆ ನೋಡಿ. ಇನ್ನೊಂದು ತಂಬಿಗೆ ತನ್ನಿ."

ನಂದೀಶ್ವರಯ್ಯ ಬಾವಿಗೆ ಹೋಗಿ ಸೇದಿ ತಂದುಕೊಟ್ಟ.